ಬಂದವರ ತಾಟು

ಬಂದವರು ಎಷ್ಟು ಮಂದಿ ಎಂದು ನನ್ನನ್ನು ಮಾತ್ರ ಕೇಳಬೇಡಿ. ಕೇಳಿ ಕೇಳಿ ಊರಿಗೆ ಸಾಕಾಗಿಲ್ಲ, ಹೇಳಿ ಹೇಳಿ ನನಗೆ ಸಾಕಾಗಿದೆ. ಆ ಮಧ್ಯಾಹ್ನ ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ, ಮುಖ ಬೆಂಕಿಗೆ, ಬೆನ್ನು ಬಾಗಿಲಿಗೆ. ನನ್ನ ಹೆಸರು ಮಿಲ್ಕಾ, ಊರವರಿಗೆ ಮಿಲ್ಕವ್ವ. ಗಂಡ ತೀರಿಕೊಂಡ ಮೇಲೆ ಚಿಕ್ಕ ತಮ್ಮ ಹನೋಕನ ಮನೆಯಲ್ಲಿ ಇದ್ದೇನೆ. ಈ ಕಥೆ ನನ್ನದಲ್ಲ, ಹನೋಕನ ಹೆಂಡತಿ ಸುವಾರ್ತೆಯದು. ಅವಳು ಬಾಯಿ ಬಿಟ್ಟು ಹೇಳುವ ಪೈಕಿ ಅಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ನಮ್ಮೂರು ಹಗ್ಗದ ಊರು. ಪುಂಡಿಯನ್ನು ಕೆರೆಯಲ್ಲಿ ನೆನೆಹಾಕಿ, ನಾರು ಸುಲಿದು, ಒಣಗಿಸಿ, ಅಂಗಳದುದ್ದಕ್ಕೂ ಹಗ್ಗ ಹೊಸೆಯುತ್ತೇವೆ. ಊರ ನಡುವೆ ಒಂದು ಕಲ್ಲಿನ ದೇವಾಲಯ, ಅದರ ಮಗ್ಗುಲಿಗೆ ಗೋಡೆ ಕಟ್ಟಿದ ಸಮಾಧಿ ಜಾಗ, ಎರಡಕ್ಕೂ ಸೇರಿ ಒಂದೇ ಕೀಲಿಕೈ. ದೇವಾಲಯ ಒಂದಾದರೂ ಸಭೆ ಎರಡು. ನನ್ನ ಅಜ್ಜನ ಕಾಲಕ್ಕೆ ಒಡೆದದ್ದು. ಒಂದು ಕಡೆಯವರು ದೇವರು ಒಬ್ಬನೇ, ತಂದೆಯೇ ದೇವರು, ಮಗ ಆತ ಕಳಿಸಿದವನು, ಆತ್ಮ ಆತನ ಉಸಿರು ಎಂದರು. ಇನ್ನೊಂದು ಕಡೆಯವರು ತಂದೆಯೂ ದೇವರು, ಮಗನೂ ದೇವರು, ಪವಿತ್ರಾತ್ಮನೂ ದೇವರು, ಆದರೂ ದೇವರು ಒಬ್ಬನೇ ಎಂದರು. ಮೊದಲಿನವರು ಒಬ್ಬನ ಸಭೆ, ಎರಡನೆಯವರು ಮೂವರ ಸಭೆ. ಎರಡನೆಯವರಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತದೆ. ನಾವೂ ಒಬ್ಬನೇ ದೇವರನ್ನು ಆರಾಧಿಸುವವರು, ನಮ್ಮನ್ನೇಕೆ ಹಾಗೆ ಕರೆಯುತ್ತೀರಿ ಎಂದು ಜಗಳಕ್ಕೆ ಬರುತ್ತಾರೆ. ಅವರಿಗೆ ಮೈ ಉರಿಯುತ್ತದೆಂದು ಗೊತ್ತಿದ್ದೇ ನಮ್ಮವರು ಹಾಗೆ ಕರೆಯುತ್ತಾರೆ. ನಮ್ಮವರು ಅಂದೆ, ನಾನು ಹುಟ್ಟಿದ್ದು ಒಬ್ಬನ ಸಭೆಯಲ್ಲಿ. ಅವರೇನು ಕಡಿಮೆಯೇ, ನಮ್ಮನ್ನು ಮಗನನ್ನು ಮನೆಯಿಂದ ಹೊರಗೆ ಹಾಕಿದವರು ಎನ್ನುತ್ತಾರೆ.

ಸುವಾರ್ತೆಯ ತಂದೆ ತಿಮೊಥಿಯಪ್ಪ ಮೂವರ ಸಭೆಯ ಹಳೆಯ ಉಪದೇಶಿ. ಅಂಗಳದಲ್ಲಿ ಹಗ್ಗ ಹೊಸೆಯುತ್ತಲೇ ಪಾಠ ಹೇಳುತ್ತಿದ್ದ ಮನುಷ್ಯ. ಮೂರು ಎಳೆ ಕೈಯಲ್ಲಿ ಹಿಡಿದು, ಇದು ತಂದೆ, ಇದು ಮಗ, ಇದು ಆತ್ಮ, ಹುರಿಗೊಳಿಸಿದ ಮೇಲೆ ಹಗ್ಗ ಎಷ್ಟು ಎಂದು ಕೇಳುತ್ತಿದ್ದ. ಒಂದು ಎಂದರೆ ಸಾಕು, ಅವನ ಮುಖ ಅರಳುತ್ತಿತ್ತು. ಒಬ್ಬನ ಸಭೆಯ ಉಪದೇಶಿ ನನ್ನ ಹಿರಿಯ ತಮ್ಮ ಎಲೀಷಪ್ಪ. ಅವನು ಮುಂದಿನ ಭಾನುವಾರ ಅದಕ್ಕೆ ಉತ್ತರ ಕೊಡಬೇಕಲ್ಲ, ಆ ಹಗ್ಗ ಬಿಚ್ಚಿದರೆ ಮೂರು ಬಡಕಲು ಎಳೆ ಸಿಗುತ್ತವೆ, ಒಂದೊಂದೂ ಮುರುಕು ದೇವರು, ಅಂಥ ದೇವರು ಯಾರಿಗೆ ಬೇಕು ಎನ್ನುತ್ತಿದ್ದ. ತಿಮೊಥಿಯಪ್ಪ ಬಿಡುವವನೇ? ಯೊರ್ದಾನ್ ಹೊಳೆಯಲ್ಲಿ ಮಗ ನೀರೊಳಗೆ ನಿಂತಿದ್ದ, ತಂದೆಯ ದನಿ ಮೇಲಿಂದ ಬಂತು, ಆತ್ಮ ಪಾರಿವಾಳದ ಹಾಗೆ ಇಳಿಯಿತು, ಮೂವರೂ ಒಂದೇ ಹೊತ್ತಿಗೆ ಅಲ್ಲಿದ್ದರು, ಇದಕ್ಕೇನು ಹೇಳುತ್ತಾನೆ ಕೇಳಿ ಬನ್ನಿ ಎಂದು ಕಳಿಸುತ್ತಿದ್ದ. ಎಲೀಷಪ್ಪ ಅದಕ್ಕೆ, ತಂದೆ ನನಗಿಂತ ದೊಡ್ಡವನು ಎಂದು ಮಗನೇ ಹೇಳಿದನಲ್ಲ, ಅವನಿಗಿಂತ ನಿಮಗೆ ಹೆಚ್ಚು ಗೊತ್ತೋ ಎಂದು ತಿರುಗಿಸಿ ಕಳಿಸುತ್ತಿದ್ದ. ಹೀಗೆ ಕೇಳಿ ಬರುವುದರಲ್ಲಿ, ಹೇಳಿ ಹೋಗುವುದರಲ್ಲಿ ನಮ್ಮ ಹನೋಕ ಸುವಾರ್ತೆಯನ್ನು ನೋಡಿದ. ಮುಂದಿನದು ನಿಮಗೇ ಗೊತ್ತಾಗುತ್ತದೆ. ಎರಡೂ ಸಭೆಯವರು ಮುಖ ಊದಿಸಿಕೊಂಡರು, ಮದುವೆ ಆಗಿಯೇ ಹೋಯಿತು.

ಅವರಿಬ್ಬರ ಸಂಸಾರ ಚೆನ್ನಾಗಿಯೇ ನಡೆದಿತ್ತು. ಊಟಕ್ಕೆ ಮುಂಚೆ ಹನೋಕ ಪ್ರಾರ್ಥನೆ ಹೇಳಿ ಒಬ್ಬನೇ ದೇವರೇ, ಆಮೆನ್ ಎಂದು ಮುಗಿಸುತ್ತಿದ್ದ. ಸುವಾರ್ತೆ ಕಣ್ಣು ಮುಚ್ಚಿಕೊಂಡು ಇನ್ನೂ ಸ್ವಲ್ಪ ಹೊತ್ತು ತುಟಿ ಆಡಿಸುತ್ತಿದ್ದಳು, ತಂದೆಯ, ಮಗನ, ಪವಿತ್ರಾತ್ಮನ ಎಂದು. ಅವಳು ಕಣ್ಣು ತೆರೆಯುವ ತನಕ ಹನೋಕ ರೊಟ್ಟಿ ಮುರಿಯುತ್ತಿರಲಿಲ್ಲ. ನಾನೊಬ್ಬಳೇ ರೊಟ್ಟಿ ಆರುತ್ತದೆಂದು ಗೊಣಗುತ್ತಿದ್ದೆ.

ಇನ್ನು ಬರುವವರ ವಿಷಯ. ಪುನರುತ್ಥಾನದ ಹಬ್ಬ ಕಳೆದು ಬಿಸಿಲು ಏರಿದ ಮೇಲೆ, ವರ್ಷಕ್ಕೊಮ್ಮೆ, ಒಂದು ನಡುಮಧ್ಯಾಹ್ನ ಅವರು ಬರುತ್ತಾರೆ. ಊರಲ್ಲಿ ಯಾವುದಾದರೂ ಒಂದು ಮನೆಗೆ ಬಂದು ಕಟ್ಟೆಯ ಮೇಲೆ ಕೂರುತ್ತಾರೆ. ಕಾಲಿಗೆ ನೀರು ಕೊಟ್ಟರೆ ತೊಳೆದುಕೊಳ್ಳುತ್ತಾರೆ, ಬಡಿಸಿದ್ದನ್ನು ಉಣ್ಣುತ್ತಾರೆ, ಕೆರೆಯ ಏರಿಯ ಮೇಲೆ ನಡೆದು ಹೋಗುತ್ತಾರೆ. ಆಮೇಲೆ ಮುಂದಿನ ವರ್ಷವೇ. ಕೆಲವರ ಕಣ್ಣಿಗೆ ಅವರು ಒಬ್ಬರು, ಕೆಲವರ ಕಣ್ಣಿಗೆ ಮೂವರು. ಹಿಂದೆ ಅಬ್ರಹಾಮನ ಗುಡಾರಕ್ಕೆ ಹೀಗೇ ಉರಿಬಿಸಿಲಲ್ಲಿ ಮೂವರು ಬಂದರಂತೆ, ಅವನು ಸ್ವಾಮಿ ಎಂದು ಒಬ್ಬನನ್ನು ಕರೆದಂತೆ ಮಾತಾಡಿದನಂತೆ. ಆ ಕಥೆಯನ್ನು ಎರಡೂ ಸಭೆಯವರು ತಮ್ಮದೆನ್ನುತ್ತಾರೆ. ಬರುವ ಕಾಲ ಹತ್ತಿರ ಬಂತೆಂದರೆ ಊರಿನ ಹೆಂಗಸರ ಕೈಗೆ ಬಿಡುವಿಲ್ಲ. ಕಟ್ಟೆ ಸಾರಿಸಬೇಕು, ತಾಟು ತಿಕ್ಕಿ ಇಡಬೇಕು, ಮಧ್ಯಾಹ್ನಕ್ಕೆ ಒಂದು ಹಿಡಿ ಹಿಟ್ಟು ಹೆಚ್ಚಿಗೆ ಇರಬೇಕು. ಭಿಕ್ಷುಕರಿಗೆ ಅದೇ ಸುಗ್ಗಿ. ಯಾರನ್ನೂ ಹಾಗೇ ಕಳಿಸುವ ಧೈರ್ಯ ಯಾರಿಗೂ ಇರುವುದಿಲ್ಲ.

ಸಭೆ ಒಡೆದಾಗ ದೇವಾಲಯ ಯಾರದು ಎಂದು ಹೊಡೆದಾಟಕ್ಕೆ ಬಂತಂತೆ. ಕಡೆಗೆ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಬರುವವರು ಯಾರ ಮನೆಗೆ ಬಂದರೋ ಆ ಮನೆಯವರು ತಮ್ಮ ಕಣ್ಣಿಗೆ ಕಂಡಷ್ಟು ತಾಟು ಇಡಬೇಕು. ಉಂಡ ತಾಟನ್ನು ತೊಳೆಯದೆ ಸಂಜೆಯ ತನಕ ಕಟ್ಟೆಯ ಮೇಲೆ ಬಿಡಬೇಕು. ಎರಡೂ ಸಭೆಯ ಹಿರಿಯರು ಬಂದು ನೋಡುತ್ತಾರೆ. ಒಂದು ತಾಟಿದ್ದರೆ ಮುಂದಿನ ವರ್ಷದ ತನಕ ಕೀಲಿಕೈ ಒಬ್ಬನ ಸಭೆಗೆ, ಮೂರಿದ್ದರೆ ಮೂವರ ಸಭೆಗೆ. ಕೀಲಿ ಇಲ್ಲದವರು ನಾರಿನ ಗೋದಾಮಿನಲ್ಲಿ ಆರಾಧನೆ ಮಾಡಿಕೊಳ್ಳಬೇಕು. ಅದೇನು ದೊಡ್ಡದಲ್ಲ, ಗೋದಾಮಿನಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಕಷ್ಟವೆಂದರೆ ಸಾವಿನದು. ಕೀಲಿ ಇಲ್ಲದ ವರ್ಷ ಸತ್ತವರನ್ನು ಗೋಡೆಯ ಹೊರಗೆ, ಆಡು ಮೇಯುವ ಜಾಲಿಗಿಡಗಳ ನಡುವೆ ಹೂಳಬೇಕು. ನಮ್ಮ ಅಪ್ಪ ಸತ್ತದ್ದು ಮೂವರ ವರ್ಷದಲ್ಲಿ. ಅವನು ಹೊರಗೇ ಇದ್ದಾನೆ, ಜಾಲಿಯ ಬುಡದಲ್ಲಿ. ಅವತ್ತು ಎಲೀಷಪ್ಪ ಗೋಡೆಗೆ ಹಣೆ ಇಟ್ಟು ಅತ್ತದ್ದನ್ನು ನಾನು ಮರೆತಿಲ್ಲ.

ಮುಂದೆ ಒಂದು ವರ್ಷ ಬಂದವರು ಎಲೀಷಪ್ಪನ ಮನೆಗೇ ಬಂದರು. ಅವನ ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ಅವನೊಬ್ಬನೇ. ಸಂಜೆ ಕಟ್ಟೆಯ ಮೇಲೆ ಒಂದು ತಾಟಿತ್ತು. ಕೀಲಿಕೈ ನಮ್ಮ ಸಭೆಗೆ ಬಂತು, ನನ್ನ ತಮ್ಮ ಅದನ್ನು ಸೊಂಟಕ್ಕೆ ಕಟ್ಟಿಕೊಂಡ. ಅಂದಿನಿಂದ ಬಂದವರ ಮಾತು ಯಾರು ಎತ್ತಿದರೂ ಎದ್ದು ಹೋಗುತ್ತಿದ್ದ. ನಗುವುದನ್ನೂ ಬಿಟ್ಟ. ನಾವು ಅದನ್ನು ಭಕ್ತಿ ಅಂದುಕೊಂಡೆವು. ಆಮೇಲಿನ ವರ್ಷಗಳಲ್ಲೂ ಬಂದವರು ನಮ್ಮ ಸಭೆಯವರ ಮನೆಗಳಿಗೇ ಬರುತ್ತ ಹೋದರು, ಕೀಲಿ ಅವನ ಸೊಂಟದಲ್ಲೇ ಉಳಿಯಿತು.

ಒಬ್ಬನ ಸಭೆಯವರಿಗೆ ಒಬ್ಬರು ಕಾಣುತ್ತಾರೆ, ಮೂವರ ಸಭೆಯವರಿಗೆ ಮೂವರು ಕಾಣುತ್ತಾರೆ ಎನ್ನುವುದರಲ್ಲಿ ಊರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಕಣ್ಣು ಸಭೆಯ ಹಿಂದೆ ಹೋಗುತ್ತದೆ ಎಂದೇ ಎಲ್ಲರ ನಂಬಿಕೆ. ಹಾಗಾಗಿ ಬರುವವರು ಯಾರ ಮನೆಗೆ ಬರುತ್ತಾರೆ ಎನ್ನುವುದೊಂದೇ ಪ್ರಶ್ನೆಯಾಗಿತ್ತು.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ತಿಮೊಥಿಯಪ್ಪ ಹಾಸಿಗೆ ಹಿಡಿದ. ಹೆಂಡತಿ ಹಿಂದೆಯೇ ತೀರಿಕೊಂಡಿದ್ದಳು, ಒಬ್ಬನೇ ಇದ್ದ. ಸುವಾರ್ತೆ ಅವನನ್ನು ನಮ್ಮ ಮನೆಗೇ ಕರೆತಂದಳು, ಪಡಸಾಲೆಯಲ್ಲಿ ಮಂಚ ಹಾಕಿದೆವು. ಅನ್ನ ಸೇರುತ್ತಿರಲಿಲ್ಲ, ಗಂಜಿಯೂ ಅಷ್ಟಕ್ಕಷ್ಟೇ. ಅವನು ಕೇಳಿದ್ದು ಒಂದೇ ಮಾತು, ನನ್ನನ್ನು ಅವಳ ಮಗ್ಗುಲಿಗೆ ಮಲಗಿಸಿರಿ ಎಂದು. ಅವನ ಹೆಂಡತಿ ಸತ್ತದ್ದು ಮೂವರ ವರ್ಷ, ಅವಳು ಗೋಡೆಯೊಳಗೆ, ಬೇವಿನ ಮರದ ಕೆಳಗೆ ಇದ್ದಾಳೆ. ಪಕ್ಕದಲ್ಲಿ ಜಾಗ ಖಾಲಿ ಇದೆ.

ಸುವಾರ್ತೆ ಸೆರಗು ಹೊದ್ದುಕೊಂಡು ಎಲೀಷಪ್ಪನ ಮನೆಗೆ ಹೋದಳು. ನಾನೂ ಜೊತೆಗೆ ಹೋದೆ. ಅವಳು ಬಾಗಿಲಲ್ಲೇ ನಿಂತು ಕೇಳಿದಳು. ಬೇರೇನೂ ಬೇಡ, ಅಪ್ಪ ಹೋದ ದಿನ ಒಂದು ಸಲ ಬಾಗಿಲು ತೆಗೆದರೆ ಸಾಕು ಎಂದಳು. ನನ್ನ ತಮ್ಮ ಕೆಟ್ಟವನಲ್ಲ. ಅವಳನ್ನು ಒಳಗೆ ಕರೆದು ಕೂರಿಸಿದ, ನೀರು ಕೊಡಿಸಿದ. ಆಮೇಲೆ ಅಂದ, "ನಮ್ಮಪ್ಪ ಹೊರಗ ಮಲಗ್ಯಾನ, ತಂಗಿ. ಅವನ ಮಗ ನಾನು. ಇದ ಕೀಲಿ ತಗದು ನಿಮ್ಮಪ್ಪನ್ನ ಒಳಗ ಹ್ಯಾಂಗ ಮಲಗಸ್ಲಿ?"

ಸುವಾರ್ತೆ ಸೆರಗು ಸರಿಮಾಡಿಕೊಂಡು ಎದ್ದಳು. ಹೊರಗೆ ಮಲಗಿದವನು ನನಗೂ ಅಪ್ಪನೇ, ನಾನೂ ಎದ್ದೆ. ಮನೆ ಹತ್ತಿರ ಬಂದಾಗ, ಈ ಸಲ ಬರುವವರು ನಮ್ಮ ಸಭೆಯ ಯಾರದಾದರೂ ಮನೆಗೆ ಬಂದರೆ ಸಾಕು ಅಕ್ಕಾ, ಅಷ್ಟು ದಿನ ಅಪ್ಪ ತಡೆದರೆ ಸಾಕು ಎಂದಳು. ಅಲ್ಲಿಂದ ಮುಂದೆ ಅವಳ ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ ರೊಟ್ಟಿ ಆರುವುದಿರಲಿ, ಒಣಗಿಯೇ ಹೋಗುತ್ತಿತ್ತು. ನಾನು ಗೊಣಗಲಿಲ್ಲ.

ಹಬ್ಬ ಕಳೆಯಿತು. ಬಿಸಿಲು ನೆತ್ತಿ ಸುಡತೊಡಗಿತು. ಒಂದು ಮಧ್ಯಾಹ್ನ ನಾನು ಕೊಣಮಿಗೆಯಲ್ಲಿ ಹಿಟ್ಟು ನಾದಿಕೊಂಡು ಬಡಿಯುತ್ತಿದ್ದೆ, ಹೊರಗೆ ಕಟ್ಟೆಯ ಮೇಲೆ ಯಾರೋ ಕೂತು ಉಸ್ಸೆಂದ ಸದ್ದಾಯಿತು. ಹನೋಕ ಅಂಗಳದಲ್ಲಿ ಹಗ್ಗ ಬಿಟ್ಟು ಅತ್ತ ನಡೆದ. ಸುವಾರ್ತೆ ತಂಬಿಗೆಯಲ್ಲಿ ನೀರು ತೆಗೆದುಕೊಂಡು ಹೋದಳು, ಯಾರೋ ದಾರಿಹೋಕರು ಎಂದುಕೊಂಡು. ಸ್ವಲ್ಪ ಹೊತ್ತಿಗೆ ವಾಪಸ್ ಬಂದಳು. ಖಾಲಿ ತಂಬಿಗೆ ಕೈಯಲ್ಲೇ ಇತ್ತು, ಮುಖದಲ್ಲಿ ರಕ್ತವಿರಲಿಲ್ಲ. ತಾಟಿನ ಸ್ಟ್ಯಾಂಡಿನ ಮುಂದೆ ಹೋಗಿ ನಿಂತಳು. ಬಂದವರು ಬಂದಿದ್ದಾರೆ ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಮೂರು ತಾಟು ತೆಗೆ ಎಂದು ನಾನೇ ಹೇಳುವವಳಿದ್ದೆ. ದೇವರ ದಯೆ, ಮನೆಗೇ ಬಂದಿದ್ದಾರೆ, ಬಡಿಸುವವಳು ನೀನು, ನಿನ್ನ ಕಣ್ಣಿಗೆ ಕಂಡದ್ದು ನೀನು ಇಡು, ಎಲೀಷನ ಬಾಯಿಗೆ ಬೀಗ ಹಾಕುವುದು ನನಗಿರಲಿ ಎನ್ನುವವಳಿದ್ದೆ. ಅಷ್ಟರಲ್ಲಿ ಅವಳು ಗೋಡೆಗೆ ಒರಗಿ ಮೆಲ್ಲಗೆ ಅಂದಳು, "ಅಕ್ಕಾ, ಒಬ್ಬರ ಅದಾರ."

ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಉಳಿಯಿತು. ಸರಿಯಾಗಿ ನೋಡಿದೆಯಾ ಎಂದೆ. ಕಾಲಿಗೆ ನೀರು ಹಾಕಿದೆ ಅಕ್ಕಾ, ಎರಡೇ ಪಾದ ಎಂದಳು. ಅಳು ಬಂದು ಸೆರಗು ಬಾಯಿಗೆ ಒತ್ತಿಕೊಂಡಳು. ಹುಟ್ಟಿದಾಗಿನಿಂದ ಮೂವರ ಹೆಸರಲ್ಲಿ ಕಣ್ಣು ಮುಚ್ಚಿದವಳು, ಅಪ್ಪನಿಗೋಸ್ಕರ ಇಷ್ಟು ದಿನ ಮಂಡಿ ಊರಿದವಳು, ಅವಳ ಕಣ್ಣಿಗೆ ಒಬ್ಬರೇ. ಆ ಹೊತ್ತಿಗೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಯಾರ ಮೇಲೆ ಎಂದು ಹೇಳಿದರೆ ಎರಡೂ ಸಭೆಯವರು ನನ್ನನ್ನು ಹೊರಗೆ ಹಾಕಿಯಾರು.

ಅಷ್ಟರಲ್ಲಿ ಹನೋಕ ಒಳಗೆ ಬಂದ. ಬೆವರಿ ನೀರಾಗಿದ್ದ. ನನ್ನ ಕಡೆ ನೋಡಲಿಲ್ಲ, ಹೆಂಡತಿಯ ಕಡೆಯೂ ನೋಡಲಿಲ್ಲ, ಸ್ಟ್ಯಾಂಡಿನಿಂದ ತಾನೇ ತಾಟು ತೆಗೆಯತೊಡಗಿದ. ಮೂರು ತೆಗೆದ.

"ನನ್ನ ಸಲುವಾಗಿ ಸುಳ್ಳ ಮಾಡಬ್ಯಾಡ್ರಿ" ಎಂದಳು ಸುವಾರ್ತೆ.

"ಸುಳ್ಳಲ್ಲ. ಮೂವರು ಕುಂತಾರ. ನಡುವಿನವರು ಕಾಲು ತಿಕ್ಕೋಳಾಕತ್ತಾರ, ನೀನ ನೀರು ಹಾಕಿದೆಲ್ಲ."

"ನಾ ಹಾಕಿದ್ದು ಒಬ್ಬರಿಗೆ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅವನು ಹೆಂಡತಿಯ ಮೇಲಿನ ಕನಿಕರಕ್ಕೆ ಮೂವರು ಎನ್ನುತ್ತಿದ್ದಾನೆ ಎಂದು ಅವಳಿಗೆ ಅನುಮಾನ. ಅವಳು ಗಂಡನ ಮಾನ ಉಳಿಸಲು ಒಬ್ಬರು ಎನ್ನುತ್ತಿದ್ದಾಳೆ ಎಂದು ಅವನಿಗೆ ಅನುಮಾನ. ಇಷ್ಟು ವರ್ಷ ಆಮೆನ್ ಆದ ಮೇಲೂ ಅವಳಿಗಾಗಿ ಕಾದವನು, ಅವಳ ಮುಖ ಓದಲು ಬಾರದವನಲ್ಲ. ಹೊತ್ತು ಹಿಡಿಯಿತು, ಆದರೆ ಇಬ್ಬರಿಗೂ ತಿಳಿಯಿತು. ಹನೋಕ ತಾಟು ಅವಳ ಕೈಗೆ ಕೊಡಲು ಹೋದ. ನನ್ನ ಕಣ್ಣು ನಂಬಿ ಇದನ್ನು ಇಡು, ಮಾವನ ಕೆಲಸವಾಗುತ್ತದೆ, ಇದರಲ್ಲಿ ಮೋಸವೇನೂ ಇಲ್ಲ ಎಂದ. ಅವಳು ಕೈ ಹಿಂದೆ ತೆಗೆದುಕೊಂಡಳು. ಅವರ ಎದುರಿಗೆ, ಯಾರೂ ಇಲ್ಲದ ಕಡೆ ಎರಡು ತಾಟು ಇಟ್ಟು, ಖಾಲಿ ಜಾಗಕ್ಕೆ ರೊಟ್ಟಿ ಬಡಿಸಿದರೆ ಅವರು ನನ್ನನ್ನು ಏನೆಂದು ನೋಡಿಯಾರು ಎಂದಳು. ಅವನು, ಒಂದೇ ಇಟ್ಟರೆ ನನ್ನ ಕಣ್ಣೆದುರು ಇಬ್ಬರು ಹಸಿದು ಕೂರುತ್ತಾರೆ, ಅದು ನನ್ನಿಂದಾಗದು ಎಂದ. ಇಬ್ಬರದ್ದೂ ಸರಿ. ಹೆಂಚಿನ ಮೇಲೆ ನನ್ನ ರೊಟ್ಟಿ ಹೊತ್ತತೊಡಗಿತು.

ನೀನಾದರೂ ಎದ್ದು ಹೋಗಿ ನೋಡಬಾರದಿತ್ತೇ ಎಂದು ಊರವರು ಕೇಳುತ್ತಾರೆ. ನೋಡಬಹುದಿತ್ತು. ನನಗೆ ಭಯವಾಯಿತು, ಅಷ್ಟೇ. ಈ ವಯಸ್ಸಿನಲ್ಲಿ ನನ್ನ ಕಣ್ಣು ಎಷ್ಟು ಹೇಳುತ್ತದೋ ಯಾರಿಗೆ ಗೊತ್ತು. ಹೊತ್ತಿದ ರೊಟ್ಟಿ ತೆಗೆದೆಸೆದು ಇನ್ನೊಂದು ಹಾಕಿದೆ.

ಆಗ ಹೊರಗಿನಿಂದ ಮಾತು ಬಂತು. ಒಬ್ಬರು ಅಂದರೋ ಕೂಡಿ ಅಂದರೋ, ಒಲೆಯ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ. "ನೀವೂ ಬರ್ರಿ. ಕೂಡೇ ಉಣ್ಣೋಣು."

ಬಂದವರು ಹೀಗೆ ಕರೆದದ್ದನ್ನು ನಮ್ಮೂರಲ್ಲಿ ಯಾರೂ ಹೇಳಿದ್ದಿಲ್ಲ. ಬಂದವರ ಜೊತೆ ಯಾರೂ ಕೂತು ಉಂಡದ್ದೂ ಇಲ್ಲ. ಎಲ್ಲರೂ ಕಂಬ ಹಿಡಿದು ದೂರ ನಿಂತು ನೋಡಿದವರೇ. ಸುವಾರ್ತೆ, ಹನೋಕ ಇಬ್ಬರೂ ನನ್ನ ಕಡೆ ತಿರುಗಿದರು. ಮನೆಗೆ ದೊಡ್ಡವಳು ನಾನು. ಮನೆಯಲ್ಲಿದ್ದಷ್ಟೂ ತಾಟು ಹೊರಗೆ ಒಯ್ಯಿರಿ, ಯಾರ ಮುಂದೆ ಯಾವುದು ಬರುತ್ತದೋ ಬರಲಿ, ಎಲ್ಲರೂ ಕೂತುಕೊಳ್ಳಿ ಎಂದೆ. ಸ್ಟ್ಯಾಂಡು ಬರಿದಾಯಿತು. ತಾಟು ಸಾಲದೆಂದು ಗಡಿಗೆಯ ಮುಚ್ಚಳವೂ ಹೋಯಿತು. ಮುಳಗಾಯಿ ಎಣಗಾಯಿ, ಪುಂಡಿಪಲ್ಲೆ, ಶೇಂಗಾ ಚಟ್ನಿ, ಮೊಸರು, ಇದ್ದದ್ದೆಲ್ಲ ಹೋಯಿತು. ಪಡಸಾಲೆಯಿಂದ ತಿಮೊಥಿಯಪ್ಪನ ಮಂಚವನ್ನೂ ಎಳೆದು ಕಟ್ಟೆಯ ಹತ್ತಿರ ಹಾಕಿದರು. ನಾನು ರೊಟ್ಟಿ ಬಡಿಯುತ್ತಲೇ ಇದ್ದೆ, ಸುವಾರ್ತೆ ಬಿಸಿಬಿಸಿಯಾಗಿ ಒಯ್ಯುತ್ತಲೇ ಇದ್ದಳು. ಮೊದಲು ನಡುಗುತ್ತ ಬರುತ್ತಿದ್ದವಳು ಆಮೇಲೆ ಓಡುತ್ತ ಬರತೊಡಗಿದಳು. ಒಂದು ಸಲ ಬಂದವಳು ನಗುತ್ತಿದ್ದಳು. ಅಪ್ಪ ರೊಟ್ಟಿ ತಿನ್ನುತ್ತಿದ್ದಾನೆ ಅಕ್ಕಾ, ಅವರೇ ಮುರಿದು ಬಾಯಿಗೆ ಕೊಡುತ್ತಿದ್ದಾರೆ ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದೆ.

ಬಂದವರು ಉಂಡು, ಕೈ ತೊಳೆದು, ಏರಿಯ ಕಡೆ ನಡೆದು ಹೋದರು. ಕಟ್ಟಳೆಯಂತೆ ತಾಟುಗಳನ್ನು ತೊಳೆಯದೆ ಬಿಟ್ಟೆವು. ಸಂಜೆ ಎರಡೂ ಸಭೆಯ ಹಿರಿಯರು ಬಂದರು, ಅವರ ಹಿಂದೆ ಊರಿಗೆ ಊರೇ ಬಂತು. ಮೂವರ ಸಭೆಯ ಈಗಿನ ಉಪದೇಶಿ ಕೃಪಾನಂದ ಅಯ್ಯನವರು ಕನ್ನಡಕ ಒರೆಸಿಕೊಂಡು ನೋಡಿದರು. ದೊಡ್ಡ ತಾಟು, ಸಣ್ಣ ತಾಟು, ತಗ್ಗು ಬಿದ್ದ ತಾಟು, ಮೇಲೆ ಆ ಮುಚ್ಚಳ, ಎಲ್ಲದರಲ್ಲೂ ಎಂಜಲು. ಎಲೀಷಪ್ಪ ತುಟಿ ಕಚ್ಚಿ ನಿಂತ. ಇದರಲ್ಲಿ ಬಂದವರದ್ದು ಯಾವುದು ಎಂದು ಹಿರಿಯರು ಕೇಳಿದರು. ಕೂಡಿ ಉಂಡೆವು, ಯಾರದು ಯಾವುದೆಂದು ಗೊತ್ತಿಲ್ಲ ಎಂದೆವು. ಅಯ್ಯನವರು ಯೋಚಿಸಿ ನನ್ನ ಕಡೆ ತಿರುಗಿ, ಒಟ್ಟು ಎಷ್ಟು ರೊಟ್ಟಿ ಬಡಿದೆ, ಅದರಿಂದಲಾದರೂ ತಿಳಿಯುತ್ತದೆ ಎಂದರು.

"ತಿಂದ ರೊಟ್ಟಿ ಎಣಸೋ ಮನಿತನ ನಮ್ಮದಲ್ರಿ, ಅಯ್ಯನೋರ" ಎಂದೆ.

ಜನ ನಕ್ಕರು. ಅಯ್ಯನವರೂ ನಕ್ಕರು, ಒಳ್ಳೆಯ ಮನುಷ್ಯ. ಮಂಚದ ಮೇಲೆ ಬಾಗಿ, ನೀವು ಹೇಳಿರಿ, ಎಷ್ಟು ಮಂದಿ ಬಂದಿದ್ದರು ಎಂದು ತಿಮೊಥಿಯಪ್ಪನನ್ನು ಕೇಳಿದರು. ಮುದುಕ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, ಹೊಟ್ಟೆ ತುಂಬ ಉಂಡೆ ಎಂದಷ್ಟೇ ಹೇಳಿದ. ಎಷ್ಟು ದಿನಕ್ಕೆ ಉಂಡಿದ್ದನೋ, ಕಣ್ಣಲ್ಲಿ ತೃಪ್ತಿ ಇತ್ತು.

ಕಡೆಗೆ ಅಯ್ಯನವರು ಸುವಾರ್ತೆಯನ್ನೇ ಮುಂದೆ ಕರೆದರು. ತಾಟಿನಿಂದ ತಿಳಿಯದಿದ್ದರೆ ಬಡಿಸಿದವಳ ಬಾಯಿಂದ ತಿಳಿಯಲಿ, ಎರಡೂ ಸಭೆ ಅದಕ್ಕೆ ಒಪ್ಪುತ್ತದೆ ಎಂದರು. ಎಲೀಷಪ್ಪನೂ ತಲೆ ಆಡಿಸಿದ. ಅವನ ಕೈ ಆಗಲೇ ಸೊಂಟದ ಕೀಲಿಯ ಮೇಲೆ ಹೋಗಿತ್ತು. ಅವಳು ಮೂವರು ಎನ್ನುತ್ತಾಳೆ, ಕೊಟ್ಟುಬಿಡಬೇಕು ಎಂದು ಸಿದ್ಧನಾಗಿದ್ದ. ಊರಿಗೆಲ್ಲ ಹಾಗೇ ಅನಿಸಿತ್ತು. ಮೂವರು ಎನ್ನುವ ಒಂದು ಮಾತು ಸಾಕಿತ್ತು, ಅವಳ ಅಪ್ಪ ಬೇವಿನ ಮರದ ಕೆಳಗೆ ಮಲಗುತ್ತಿದ್ದ. ಅವಳು ಮಂಚದ ಕಡೆ ನೋಡಿದಳು. ಹೇಳಿಬಿಡು, ಹೇಳಿಬಿಡು ಎಂದು ಒಳಗೇ ಬೇಡಿಕೊಂಡೆ. ಒಬ್ಬನ ಸಭೆಯಲ್ಲಿ ಹುಟ್ಟಿದವಳು ಬೇಡಿಕೊಂಡದ್ದು ಅದು.

"ನನಗ ಒಬ್ಬರ ಕಂಡ್ರು" ಎಂದಳು.

ಅಯ್ಯನವರ ಬಾಯಿ ತೆರೆದೇ ಉಳಿಯಿತು. ನಮ್ಮ ಸಭೆಯವರೊಬ್ಬರು ಖುಷಿಗೆ ಕೈ ಎತ್ತುತ್ತಿದ್ದಂತೆ ಹನೋಕ ಮುಂದೆ ಬಂದು ಹೆಂಡತಿಯ ಮಗ್ಗುಲಿಗೆ ನಿಂತ. "ನನಗ ಮೂವರು ಕಂಡ್ರು" ಎಂದ. ಎತ್ತಿದ ಕೈ ಇಳಿಯಿತು.

ಜನ ಏನೆಂದಾರು? ಅವಳು ಸುಳ್ಳು ಹೇಳಿದಳು ಎನ್ನೋಣವೆಂದರೆ ಆ ಸುಳ್ಳಿನಿಂದ ಅವಳಿಗೆ ಸಿಗುವುದು ಅಪ್ಪನಿಗೆ ಜಾಲಿಯ ಬುಡ. ಅವನು ಸುಳ್ಳು ಹೇಳಿದ ಎನ್ನೋಣವೆಂದರೆ ಅವನಿಗೆ ಸಿಗುವುದು ಸ್ವಂತ ಅಣ್ಣನ ಕೈಯಿಂದ ಕೀಲಿ ಹೋಗುವುದು. ಗುಂಪಿನಲ್ಲಿ ಹಿಂದಿನ ವರ್ಷಗಳಲ್ಲಿ ಬಂದವರಿಗೆ ಉಣಬಡಿಸಿದ ಮನೆಯವರೂ ಇದ್ದರು. ಅವರಲ್ಲಿ ಕೆಲವರು ನೆಲ ನೋಡತೊಡಗಿದರು. ನಾನು ಎಲೀಷಪ್ಪನನ್ನು ನೋಡಿದೆ. ಅವನನ್ನು ಎತ್ತಿ ಆಡಿಸಿದವಳು ನಾನು. ಚಿಕ್ಕವನಿದ್ದಾಗ ಬೆಲ್ಲ ಕದ್ದರೆ ಕಿವಿ ಕೆಂಪಾಗುತ್ತಿತ್ತು. ಆ ಸಂಜೆ ನರೆತ ಕೂದಲಿನ ಕೆಳಗೆ ಅವನ ಕಿವಿ ಕೆಂಪಾಗಿತ್ತು. ಒಂದು ತಾಟಿಟ್ಟ ಆ ದಿನ ಅವನು ಯಾಕೆ ನಗುವುದು ಬಿಟ್ಟ ಎಂದು ನನಗೆ ಆಗ ಹೊಳೆಯಿತು.

ಅವನು ಸೊಂಟದಿಂದ ಕೀಲಿಕೈ ಬಿಚ್ಚಿದ. ಅಯ್ಯನವರಿಗೆ ಕೊಡಲಿಲ್ಲ, ತಾನೂ ಇಟ್ಟುಕೊಳ್ಳಲಿಲ್ಲ. ಎಂಜಲು ತಾಟುಗಳ ನಡುವೆ ಕಟ್ಟೆಯ ಮೇಲೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಜನ ಒಬ್ಬೊಬ್ಬರೇ ಕರಗಿದರು. ಸುವಾರ್ತೆ ಮಂಚದ ಹತ್ತಿರ ಕುಸಿದು ಕೂತು ಅಪ್ಪನ ಕಾಲು ಹಿಡಿದುಕೊಂಡಳು. ಮುದುಕ ಅವಳ ತಲೆಯ ಮೇಲೆ ಕೈ ಇಟ್ಟ. "ಖರೇ ಹೇಳಿದಿ. ನಾ ಎಲ್ಲೆ ಮಲಗಿದ್ರೂ ನಿಮ್ಮವ್ವ ಹುಡಿಕ್ಯಾಳ ಬಿಡು" ಎಂದ.

ತಾಟುಗಳನ್ನು ತೊಳೆದು ಒಳಗಿಟ್ಟೆವು. ಕೀಲಿಯನ್ನು ಯಾರೂ ಮುಟ್ಟಲಿಲ್ಲ. ಮರುದಿನವೂ ಅಲ್ಲೇ ಇತ್ತು, ಭಾನುವಾರವೂ ಅಲ್ಲೇ ಇತ್ತು. ಆ ಭಾನುವಾರ ಎರಡೂ ಸಭೆಯವರು ನಾರಿನ ಗೋದಾಮಿಗೆ ಬಂದರು. ಮೊದಲು ನಾವು ಹಾಡಿದೆವು, ಅವರು ನಾರಿನ ಹೊರೆಗಳ ಮೇಲೆ ಕೂತು ಕಾದರು. ಆಮೇಲೆ ಅವರು ಹಾಡಿದರು, ನಾವು ಕಾದೆವು.

ಮುಂದಿನ ವಾರ ತಿಮೊಥಿಯಪ್ಪ ಹೋದ. ಬೆಳಗಿನ ಗಂಜಿ ಕುಡಿದು, ಮಗಳ ಕೈ ಹಿಡಿದುಕೊಂಡೇ ಹೋದ. ಪೆಟ್ಟಿಗೆ ಬಂತು, ಇಳಿಸುವ ಹಗ್ಗವನ್ನು ಹನೋಕನೇ ಹೊಸೆದ, ಮಾವ ಕಲಿಸಿದ ಮೂರೆಳೆಯದು. ಹೆಗಲು ಕೊಡುವವರು ಪೆಟ್ಟಿಗೆ ಎತ್ತಿ ಯಾವ ಕಡೆ ಹೋಗಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತರು. ಸುವಾರ್ತೆ ಕೀಲಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಜಾಲಿಯ ಕಡೆ ನಡೆಯಿರಿ ಎಂದಳು. ಆಗ ಬಾಗಿಲಲ್ಲಿ ಎಲೀಷಪ್ಪ ಬಂದು ನಿಂತ. ಕಟ್ಟೆಯ ಮೇಲಿನ ಕೀಲಿ ಎತ್ತಿಕೊಂಡು ಪೆಟ್ಟಿಗೆಯ ಮುಂದೆ ನಡೆದ. ಸಮಾಧಿ ಜಾಗದ ಬಾಗಿಲು ತೆಗೆದ.

ಬೇವಿನ ಮರದ ಕೆಳಗೆ ಅಯ್ಯನವರು ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಎಂದರು. ನಮ್ಮ ಕಡೆಯವರು ಅಷ್ಟಕ್ಕೆ ಸುಮ್ಮನಿದ್ದು, ಆಮೆನ್ ಬಂದಾಗ ಸೇರಿಕೊಂಡರು. ಎಲೀಷಪ್ಪ ಹಗ್ಗದ ಒಂದು ತುದಿ ಹಿಡಿದಿದ್ದ. ಪೆಟ್ಟಿಗೆ ಮೆಲ್ಲಗೆ ಇಳಿಯಿತು, ಹೆಂಡತಿಯ ಮಗ್ಗುಲಿಗೆ. ಸುವಾರ್ತೆ ಮೊದಲ ಹಿಡಿ ಮಣ್ಣು ಹಾಕಿ ಜೋರಾಗಿ ಅತ್ತಳು. ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಬಂತು. ಹನೋಕ ಅವಳ ಪಕ್ಕದಲ್ಲಿ ನಿಂತ, ಅವಳು ಮುಗಿಸುವ ತನಕ.

ಜನ ಹೊರಟ ಮೇಲೆ ನನ್ನ ತಮ್ಮ ಕಾಣಲಿಲ್ಲ. ಹುಡುಕಿಕೊಂಡು ಗೋಡೆಯ ಮೂಲೆಗೆ ಹೋದೆ. ಆಚೆಗೆ ಜಾಲಿಯ ಬುಡದಲ್ಲಿ ಅಪ್ಪ, ಈಚೆಗೆ ಎಲೀಷಪ್ಪ. ಅವನು ಅಂಗಿ ಕಳಚಿಟ್ಟು, ಗುದ್ದಲಿಯಿಂದ ಗೋಡೆಯ ಕಲ್ಲು ಮೀಟುತ್ತಿದ್ದ. ಮೇಲಿನ ಸಾಲು ಬಿದ್ದಿತ್ತು. ಕಲ್ಲು ಭಾರವಿತ್ತು, ಅವನಿಗೆ ಏದುಸಿರು ಬಂದಿತ್ತು. ನನ್ನನ್ನು ನೋಡಿ ಗುದ್ದಲಿ ಊರಿ ನಿಂತ. ಕಣ್ಣು ಕೆಂಪಾಗಿತ್ತು.

"ಅಕ್ಕಾ, ಅವತ್ತ ನಮ್ಮ ಮನಿಗೆ ಬಂದಾಗ..." ಎಂದ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ. "ಗೊತ್ತೈತಿ ಬಿಡು" ಎಂದೆ. "ಆ ತುದಿ ಹಿಡಿ. ನಾ ಈ ತುದಿ ಹಿಡೀತೀನಿ."